ಯಾವ ಅಲ್ಗಾರಿದಂ? ಕೈಪಿಡಿ ಕೇಳಬೇಕಾದ ಇನ್ನೆರಡು ಪ್ರಶ್ನೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಮಷೀನ್ ಲರ್ನಿಂಗ್ ಇಂದು ನಮ್ಮ ಮಕ್ಕಳ ಓದಿಗೂ ಬಂದಿದೆ, ಆಸ್ಪತ್ರೆಗೂ ಬಂದಿದೆ. ಹಳೆಯ ದಾಖಲೆಗಳಿಂದ ಕಂಪ್ಯೂಟರ್ ತಾನೇ ನಿಯಮ ಕಂಡುಕೊಳ್ಳುವ ವಿದ್ಯೆ ಇದು. ಹಾಗೆ ಕಂಡುಕೊಳ್ಳುವ ಕ್ರಮಗಳೇ ಅಲ್ಗಾರಿದಂಗಳು. ಅವು ಹತ್ತಾರು ಇವೆ. ಎಲ್ಲ ಸಮಸ್ಯೆಗೂ ಒಂದೇ ಕ್ರಮ ಶ್ರೇಷ್ಠವಾಗಲಾರದೆಂದು ಡೇವಿಡ್ ವೋಲ್ಪರ್ಟ್ 1996ರಲ್ಲಿ ಗಣಿತದಿಂದ ತೋರಿಸಿದರು. ಆದ್ದರಿಂದ ಆರಿಸಿಕೊಳ್ಳಲು ಮಾರ್ಗದರ್ಶಿ ಬೇಕು.

ಸೈಕಿಟ್-ಲರ್ನ್ ಎಂಬ ಉಚಿತ ತಂತ್ರಾಂಶದ ಕೈಪಿಡಿಯಲ್ಲಿ ಅಂಥದೊಂದು ನಕ್ಷೆಯಿದೆ. ಮೊದಲ ಪ್ರಶ್ನೆ: 50ಕ್ಕಿಂತ ಹೆಚ್ಚು ಮಾದರಿಗಳಿವೆಯೆ? ಇಲ್ಲದಿದ್ದರೆ ಇನ್ನಷ್ಟು ಕೂಡಿಸಿಕೊಂಡು ಬನ್ನಿ. ಇದ್ದರೆ, ಊಹಿಸಬೇಕಾದ್ದು ವರ್ಗವೋ ಸಂಖ್ಯೆಯೋ? ಮಾದರಿಗಳು ಒಂದು ಲಕ್ಷಕ್ಕಿಂತ ಕಡಿಮೆಯೆ? ಹೀಗೆ ಬಾಣದ ಗುರುತು ಹಿಡಿದು ಹೋದರೆ ಕೊನೆಗೊಂದು ಹೆಸರು ಸಿಗುತ್ತದೆ. ಹೊಸಬರಿಗೆ ಇದು ದೊಡ್ಡ ಉಪಕಾರ. ಆದರೆ ವೈದ್ಯನಾದ ನಾನು ಹುಡುಕುವ ಎರಡು ಪ್ರಶ್ನೆಗಳು ಆ ನಕ್ಷೆಯಲ್ಲಿಲ್ಲ. ಊಹೆ ತಪ್ಪಿದರೆ ಯಾರಿಗೆ ಎಷ್ಟು ಹಾನಿ? ಉತ್ತರ ಹೇಗೆ ಬಂತೆಂದು ನಾವು ಓದಿ ತಿಳಿಯಬಹುದೆ?

ಇದು ಬರಿಯ ವಾದವಲ್ಲ. 1990ರ ದಶಕದಲ್ಲಿ ಅಮೆರಿಕದ ಸಂಶೋಧಕರು ನ್ಯುಮೋನಿಯಾ ರೋಗಿಗಳಲ್ಲಿ ಯಾರಿಗೆ ಪ್ರಾಣಾಪಾಯ ಹೆಚ್ಚೆಂದು ಊಹಿಸಲು ಹಲವು ಅಲ್ಗಾರಿದಂಗಳನ್ನು ಹೋಲಿಸಿ ನೋಡಿದರು. ನ್ಯೂರಲ್ ನೆಟ್‌ವರ್ಕ್ ಎಲ್ಲಕ್ಕಿಂತ ನಿಖರವಾಗಿತ್ತು. ಆದರೆ ಓದಲು ಬರುವಂಥ ನಿಯಮಗಳನ್ನು ಕೊಡುವ ಇನ್ನೊಂದು ಕ್ರಮ, ಅದೇ ದಾಖಲೆಗಳಿಂದ, ಆಸ್ತಮಾ ಇದ್ದವರಿಗೆ ಅಪಾಯ ಕಡಿಮೆ ಎಂದುಬಿಟ್ಟಿತು! ಕಾರಣ ಇಷ್ಟೆ: ಆಸ್ತಮಾ ಇದ್ದವರನ್ನು ನೇರವಾಗಿ ತೀವ್ರ ನಿಗಾ ಘಟಕಕ್ಕೆ ಸೇರಿಸುತ್ತಿದ್ದರು, ಆ ಆರೈಕೆಯಿಂದ ಅವರು ಉಳಿಯುತ್ತಿದ್ದರು. ಈ ನಿಯಮ ನಂಬಿ ಅವರನ್ನು ಮನೆಗೆ ಕಳಿಸಿದ್ದರೆ ಗತಿಯೇನು? ನ್ಯೂರಲ್ ನೆಟ್‌ವರ್ಕ್ ಒಳಗೂ ಇಂಥದು ಅಡಗಿರಬಹುದು. ಆದರೆ ಕಣ್ಣಿಗೆ ಬೀಳದು. ಅದಕ್ಕಾಗಿ ಅದನ್ನು ಬಿಟ್ಟು, ಸರಳವಾದ ಲಾಜಿಸ್ಟಿಕ್ ರಿಗ್ರೆಷನ್ ಆರಿಸಿಕೊಂಡರು. ಅವರಲ್ಲೊಬ್ಬರಾದ ರಿಚ್ ಕರುವಾನ 2015ರ ಪ್ರಬಂಧದಲ್ಲಿ ಇದನ್ನು ವಿವರಿಸಿದ್ದಾರೆ.

ಔಷಧದ ಡಬ್ಬಿಯಲ್ಲಿರುವ ಕಾಗದ ಯಾವ ರೋಗಕ್ಕೆ ಎಂದಷ್ಟೇ ಹೇಳುವುದಿಲ್ಲ, ಯಾರಿಗೆ ಕೊಡಬಾರದೆಂದೂ ಹೇಳುತ್ತದೆ. ಅಲ್ಗಾರಿದಂ ಕೈಪಿಡಿಯಲ್ಲೂ ಪ್ರತಿ ಹೆಸರಿನ ಮುಂದೆ 'ಎಲ್ಲಿ ಬಳಸಬಾರದು' ಎಂಬ ಸಾಲಿರಬೇಕು. ಸೈಕಿಟ್-ಲರ್ನ್ ಕೈಪಿಡಿಗೆ ತಿದ್ದುಪಡಿ ಸೂಚಿಸಲು ಯಾರಿಗೂ ಅಡ್ಡಿಯಿಲ್ಲ. ಈ ಸಭೆಯಲ್ಲಿ ಎಂಜಿನಿಯರುಗಳೂ ಇದ್ದೀರಿ, ವೈದ್ಯರೂ ಇದ್ದೀರಿ. ಊಟಕ್ಕೆ ಒಂದೇ ಪಂಕ್ತಿಯಲ್ಲಿ ಕೂರುವ ನಾವು ಈ ಸಾಲುಗಳನ್ನು ಬರೆಯಲೂ ಒಟ್ಟಿಗೆ ಕೂರೋಣ.