ಬಕ್ಷಿ: ಗುಜರಾತಿನ ಒಂದು ವಿರಳ ಅಡ್ಡಹೆಸರಿನ ತಾತಾರ ಮೂಲ ಮತ್ತು ಪ್ರಸಾರ

ಗುಜರಾತಿಯಲ್ಲಿ ‘ಅಟಕ್’ ಎಂದೂ ಉತ್ತರ ಕರ್ನಾಟಕದಲ್ಲಿ ‘ಅಡ್ಡಹೆಸರು’ ಎಂದೂ ಕರೆಯುವ ಮನೆತನದ ಹೆಸರು ಎರಡು ಬಗೆಯ ಸಂಗತಿಗಳನ್ನು ಹೊತ್ತಿರಬಲ್ಲದು: ಆ ಮನೆಯವರು ಯಾರ ಸಂತತಿ ಎಂಬುದು ಒಂದು, ಆ ಮನೆಯ ಹಿರಿಯನೊಬ್ಬ ಯಾವ ಉದ್ಯೋಗದಲ್ಲಿದ್ದ ಎಂಬುದು ಇನ್ನೊಂದು. ಇವೆರಡನ್ನೂ ಒಂದೇ ಎಂದು ಓದಿದಲ್ಲೆಲ್ಲ ಚರಿತ್ರೆ ದಾರಿ ತಪ್ಪಿದೆ. ಅಹಮದಾಬಾದ್, ವಡೋದರಾ ಮತ್ತು ಸೂರತ್ ನಗರಗಳಲ್ಲಿ ಪಟೇಲ್, ಶಾಹ, ದೇಸಾಯಿ, ಮೆಹ್ತಾ ಎಂಬ ಹೆಸರುಗಳ ದಟ್ಟಣೆಯ ನಡುವೆ ಅಲ್ಲೊಂದು ಇಲ್ಲೊಂದು ಮನೆಯ ಬಾಗಿಲಲ್ಲಿ ಕಾಣಿಸುವ ‘ಬಕ್ಷಿ’ ಎಂಬ ಅಡ್ಡಹೆಸರು ಈ ತೊಡಕನ್ನು ಬಿಡಿಸಲು ಒಳ್ಳೆಯ ನಿದರ್ಶನ. ಶಬ್ದವಾಗಿ ಅದು ಮಧ್ಯ ಏಷ್ಯಾದ ಹುಲ್ಲುಗಾವಲುಗಳ ತಾತಾರ ಆಡಳಿತದಿಂದ ಬಂದದ್ದು. ಆದರೆ ಅದನ್ನು ಇಂದು ಧರಿಸಿದವರಲ್ಲಿ ನಾಗರ ಬ್ರಾಹ್ಮಣರಿದ್ದಾರೆ, ಜೈನರಿದ್ದಾರೆ, ಮುಸಲ್ಮಾನರಿದ್ದಾರೆ. ಈ ಹೆಸರು ಗುಜರಾತಿಗೆ ವಂಶದ ಮೂಲಕವಲ್ಲ, ದಫ್ತರದ ಮೂಲಕ ಬಂದಿತು ಎಂಬುದು ಈ ಉಪನ್ಯಾಸದ ವಾದ.

‘ತಾತಾರ’ ಎಂಬ ಮಾತನ್ನೇ ಮೊದಲು ಬಿಡಿಸಿಕೊಳ್ಳಬೇಕಾಗುತ್ತದೆ. ಎಂಟನೆಯ ಶತಮಾನದ ಓರ್ಖೋನ್ ಕಣಿವೆಯ ತುರ್ಕಿ ಶಾಸನಗಳಲ್ಲಿಯೇ ತಾತಾರರ ಹೆಸರು ಬರುತ್ತದೆ. ಮೂಲತಃ ಪೂರ್ವ ಮಂಗೋಲಿಯದ ಒಂದು ಬುಡಕಟ್ಟಾಗಿದ್ದ ಅವರನ್ನು ಚೆಂಗೀಸ್ ಖಾನ್ 1202ರಲ್ಲಿ ಸದೆಬಡಿದ ಮೇಲೆ, ವಿಚಿತ್ರವೆಂದರೆ, ಸೋತವರ ಹೆಸರೇ ಗೆದ್ದವರಿಗೂ ಅವರ ಪ್ರಜೆಗಳಿಗೂ ಹರಡಿ, ರಷ್ಯದಲ್ಲಿ ವೋಲ್ಗಾ ತೀರದ ತುರ್ಕಿ ಮಾತಿನ ಮುಸಲ್ಮಾನರಿಗೆ ನೆಲೆನಿಂತಿತು. ಹಾಗೆ ಹರಡಿದ ಹೆಸರು ಗುಜರಾತಿನಲ್ಲಿಯೂ ಬಲು ಹಿಂದೆಯೇ ಕಾಣಿಸುತ್ತದೆ. ಗುಜರಾತಿನ ಸ್ವತಂತ್ರ ಸುಲ್ತಾನರ ಮೂಲಪುರುಷನಾದ ಜಫರ್ ಖಾನನ ಮಗ ತಾತಾರ್ ಖಾನನು 1403ರಲ್ಲಿ, ಮುಂದೆ ಅಹಮದಾಬಾದ್ ಎದ್ದುನಿಂತ ನೆಲದ ಮಗ್ಗುಲಿನ ಆಶಾವಲ್‌ನಲ್ಲಿ ತಂದೆಯನ್ನು ಬಂಧನದಲ್ಲಿರಿಸಿ ತಾನೇ ಸುಲ್ತಾನನೆಂದು ಘೋಷಿಸಿಕೊಂಡನು. ಹೆಸರು ತಾತಾರ್, ಆದರೆ ಆ ಮನೆತನವು ಮತಾಂತರಗೊಂಡ ಟಾಂಕ್ ಕುಲದ್ದೆಂದು ಗುಜರಾತಿನ ಪರ್ಷಿಯನ್ ಚರಿತ್ರೆ ‘ಮಿರಾತ್-ಎ-ಸಿಕಂದರಿ’ ಹೇಳುತ್ತದೆ. ಹೆಸರಿಗೂ ನೆತ್ತರಿಗೂ ನಂಟು ಕಟ್ಟುವ ಅವಸರಕ್ಕೆ ಇದಕ್ಕಿಂತ ಒಳ್ಳೆಯ ತಡೆ ಬೇಕಿಲ್ಲ.

ಇನ್ನು ‘ಬಕ್ಷಿ’ ಶಬ್ದದ ಹುಟ್ಟು. ಯೂಲ್ ಮತ್ತು ಬರ್ನೆಲ್ ಅವರು ರಚಿಸಿದ, 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಎಂಬ ಪ್ರಸಿದ್ಧ ಆಂಗ್ಲ-ಭಾರತೀಯ ಶಬ್ದಕೋಶವು ಅದನ್ನು ಸಂಸ್ಕೃತದ ‘ಭಿಕ್ಷು’ವಿನಿಂದ ಬಂದದ್ದೆಂದು ವಿವರಿಸಿತು. ಬೌದ್ಧ ಭಿಕ್ಷುಗಳೊಂದಿಗೆ ಭಾರತದಿಂದ ಹೊರಟ ಮಾತೊಂದು ಮಂಗೋಲಿಯವನ್ನು ಸುತ್ತಿ ಮೊಗಲರೊಂದಿಗೆ ತವರಿಗೆ ಮರಳಿತು ಎಂಬ ಕಲ್ಪನೆ ಮನಸ್ಸಿಗೆ ಹಿತವಾದದ್ದು, ಅದನ್ನು ಬಿಡಲು ಬೇಸರವೂ ಆಗುತ್ತದೆ. ಆದರೆ ಧ್ವನಿಯ ಸಾಕ್ಷ್ಯ ಅದಕ್ಕೆ ಒಗ್ಗುವುದಿಲ್ಲ. ಇಪ್ಪತ್ತನೆಯ ಶತಮಾನದ ತುರ್ಕಿ ಭಾಷಾ ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪಿದ ಮೂಲ ಚೀನೀ ಭಾಷೆಯ ‘ಬೋಷಿ’, ಅಂದರೆ ಬಹುಶ್ರುತನಾದ ವಿದ್ವಾಂಸ. ಇಂದು ‘ಬೋ’ ಎಂದು ಉಚ್ಚರಿಸುವ ಮೊದಲ ಅಕ್ಷರವು ಹಳೆಯ ಚೀನೀ ಉಚ್ಚಾರಣೆಯಲ್ಲಿ ಕಕಾರದಿಂದ ಕೊನೆಗೊಳ್ಳುತ್ತಿತ್ತು. ಅದೇ ಶಬ್ದವನ್ನು ಎರವಲು ಪಡೆದ ಜಪಾನೀ ಭಾಷೆಯ ‘ಹಕಸೆ’ ಎಂಬ ರೂಪದಲ್ಲಿ ಆ ಕಕಾರ ಇಂದಿಗೂ ಉಳಿದಿದೆ. ಚೀನದ ಪಡುವಣ ಗಡಿಯ ಉಯಿಘುರ್ ತುರ್ಕರ ಬಾಯಲ್ಲಿ ಅದು ‘ಬಖ್ಷಿ’ಯಾಗಿ, ಬೌದ್ಧ ಗುರು ಎಂಬ ಅರ್ಥವನ್ನು ಪಡೆಯಿತು.

ಅಲ್ಲಿಂದ ಮುಂದೆ ಈ ಮಾತಿನ ಪಯಣವು ಲಿಪಿಯೊಂದರ ಬೆನ್ನು ಹಿಡಿದು ಸಾಗಿತು. ಬರವಣಿಗೆಯಿಲ್ಲದ ಮಂಗೋಲರು 1204ರಲ್ಲಿ ನೈಮನ್ ಅರಸನನ್ನು ಸೋಲಿಸಿದಾಗ, ಅವನ ಮುದ್ರೆಯನ್ನು ಕಾಯುತ್ತಿದ್ದ ತಾತಾ ತೊಂಗಾ ಎಂಬ ಉಯಿಘುರ್ ಅಧಿಕಾರಿ ಸೆರೆಸಿಕ್ಕು, ಚೆಂಗೀಸ್ ಖಾನನ ಮಕ್ಕಳಿಗೆ ಉಯಿಘುರ್ ಲಿಪಿಯನ್ನು ಕಲಿಸಿದನೆಂದು ಹೇಳಲಾಗುತ್ತದೆ. ಅಂದಿನಿಂದ ಆ ಲಿಪಿಯನ್ನು ಬರೆಯಬಲ್ಲವನೇ ಬಕ್ಷಿ. ಮಾರ್ಕೊ ಪೋಲೊ ಕುಬ್ಲಾಯ್ ಖಾನನ ಆಸ್ಥಾನದಲ್ಲಿ ಕಂಡ ಟಿಬೆಟ್ ಮತ್ತು ಕಾಶ್ಮೀರದ ‘ಬಕ್ಸಿ’ಗಳು ಮಂತ್ರವಾದಿಗಳಾಗಿ ಅವನ ಬರಹದಲ್ಲಿ ಬರುತ್ತಾರೆ. ಇರಾನಿನ ಮಂಗೋಲ್ ಅರಸ ಗಜಾನನು 1295ರಲ್ಲಿ ಇಸ್ಲಾಂ ಸ್ವೀಕರಿಸಿ ಬೌದ್ಧ ಗುಡಿಗಳನ್ನು ಕೆಡವಿಸಿದ ಮೇಲೆ ಗುರುವಿನ ಅರ್ಥ ಆ ನಾಡಿನಲ್ಲಿ ಮಾಸಿಹೋಯಿತು. ಲಿಪಿಕಾರನ ಅರ್ಥ ಮಾತ್ರ ಉಳಿಯಿತು. 1436ರಲ್ಲಿ ಹೆರಾತ್‌ನಲ್ಲಿ ಉಯಿಘುರ್ ಲಿಪಿಯಲ್ಲಿ ಬರೆಯಲಾದ, ಇಂದು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ ಸಚಿತ್ರ ‘ಮಿರಾಜ್-ನಾಮಾ’ದ ಲಿಪಿಕಾರನ ಹೆಸರು ಮಲಿಕ್ ಬಖ್ಷಿ. ವೋಲ್ಗಾ ತೀರದ ತಾತಾರ ಖಾನರ ದಫ್ತರಗಳಲ್ಲಿ ಆಜ್ಞಾಪತ್ರಗಳನ್ನು ಬರೆಯುವವರೂ ಬಕ್ಷಿಗಳೇ. ರಷ್ಯನ್ನರಲ್ಲಿ ವಿರಳವಾಗಿ ಕಾಣುವ ‘ಬಕ್ಷೇಯೆವ್’ ಎಂಬ ಅಡ್ಡಹೆಸರಿನ ಮೂಲ ಈ ತಾತಾರ ಲಿಪಿಕಾರನ ಪದವಿ. ಇದೇ ಮಾತು ಮಂಗೋಲಿಯದಲ್ಲಿ ‘ಬಗ್ಷ್’ ಎಂದಾಗಿ ಶಾಲೆಯ ಮೇಷ್ಟರನ್ನೂ, ಕಜಾಕರಲ್ಲಿ ದೈವ ಮೈದುಂಬಿ ರೋಗ ಬಿಡಿಸುವವನನ್ನೂ, ತುರ್ಕ್‌ಮೆನ್ ಮತ್ತು ಉಜ್ಬೆಕ್ ಜನರಲ್ಲಿ ವೀರಗಾಥೆ ಹಾಡುವ ಗಾಯಕನನ್ನೂ ಇಂದಿಗೂ ಸೂಚಿಸುತ್ತದೆ. ಮಾಸ್ಕೋದ ಬಕ್ಷೇಯೆವ್ ಮತ್ತು ಅಹಮದಾಬಾದಿನ ಬಕ್ಷಿ ಎಂಬ ಎರಡು ಮನೆತನಗಳಿಗೆ ರಕ್ತಸಂಬಂಧವಿಲ್ಲದಿದ್ದರೂ ಹೆಸರಿನ ಬೇರು ಒಂದೇ.

ತೈಮೂರನ ವಂಶದ ಬಾಬರನೊಂದಿಗೆ ಭಾರತಕ್ಕೆ ಬಂದ ಈ ಮಾತು ಅಕ್ಬರನ ಆಡಳಿತದಲ್ಲಿ ಖಚಿತವಾದ ಪದವಿಯಾಯಿತು. ಅಕ್ಬರನು 1572ರ ನವೆಂಬರ್‌ನಲ್ಲಿ ಅಹಮದಾಬಾದನ್ನು ಪ್ರವೇಶಿಸಿ, 1573ರ ಫೆಬ್ರವರಿಯಲ್ಲಿ ಸೂರತ್ ಕೋಟೆಯನ್ನು ವಶಪಡಿಸಿಕೊಂಡು ಗುಜರಾತನ್ನು ಸಾಮ್ರಾಜ್ಯದ ಸುಬೆಯನ್ನಾಗಿ, ಅಂದರೆ ಪ್ರಾಂತವನ್ನಾಗಿ, ಮಾಡಿದನು. ಆಗ ವಡೋದರಾ, ಭರೂಚ್, ಸೂರತ್‌ಗಳನ್ನು ಹಿಡಿದಿದ್ದ ‘ಮಿರ್ಜಾ’ಗಳು ತೈಮೂರನ ಸಂತತಿಯವರೇ, ಅಕ್ಬರನ ದೂರದ ದಾಯಾದಿಗಳೇ ಆಗಿದ್ದರು, ಮಧ್ಯ ಏಷ್ಯಾದ ರಕ್ತವನ್ನು ಹೇಳಿಕೊಳ್ಳಬಲ್ಲವರು ಅವರು. ಆದರೆ ಅವರ ದಂಗೆ ಅಡಗಿತು, ಅವರ ಆಳ್ವಿಕೆಯ ಗುರುತು ಅಳಿಯಿತು. ಉಳಿದದ್ದು ಪದವಿಯ ಹೆಸರು.

ಸುಬೇದಾರನು ಪ್ರಾಂತವನ್ನು ಆಳಿದರೆ, ದಿವಾನನು ಕಂದಾಯವನ್ನು ನೋಡಿಕೊಂಡರೆ, ಬಕ್ಷಿಯು ಸೈನ್ಯದ ಪಟ್ಟಿಯನ್ನು ನೋಡಿಕೊಳ್ಳುತ್ತಿದ್ದನು. ಮನ್ಸಬ್‌ದಾರರೆಂಬ ದರ್ಜೆಯ ಸರದಾರರು ಇಷ್ಟು ಕುದುರೆ ಸವಾರರನ್ನು ಸಾಕಬೇಕೆಂದು ಸರ್ಕಾರದಿಂದ ಹಣವನ್ನೋ ಜಾಗೀರನ್ನೋ ಪಡೆಯುತ್ತಿದ್ದರು. ತಪಾಸಣೆಯ ದಿನ ನೆರೆಮನೆಯ ಕುದುರೆಯನ್ನೇ ಎರವು ತಂದು ನಿಲ್ಲಿಸುವ ಮೋಸ ಸಾಮಾನ್ಯವಾಗಿತ್ತು. ಅದನ್ನು ತಡೆಯಲೆಂದು ಅಕ್ಬರನು ಕುದುರೆಗೆ ಬರೆ ಎಳೆದು ಗುರುತು ಹಾಕುವ ‘ದಾಗ್’ ಪದ್ಧತಿಯನ್ನೂ, ಸವಾರನ ಮುಖ, ಮೈಬಣ್ಣ, ಗಾಯದ ಕಲೆಗಳನ್ನು ಬರೆದಿಡುವ ‘ಚೆಹ್ರಾ’ ಪಟ್ಟಿಯನ್ನೂ ಬಿಗಿಗೊಳಿಸಿದನು. ಕನ್ನಡಿಗರು ಕಲೆಗೆ ‘ಡಾಗು’ ಎನ್ನುವಾಗಲೂ, ಪೊಲೀಸ್ ಠಾಣೆಯಲ್ಲಿ ಕಾಣೆಯಾದವರ ‘ಚಹರೆ’ ಬರೆಸುವಾಗಲೂ ಬಳಸುವುದು ಈ ದಫ್ತರದ ಮಾತುಗಳನ್ನೇ. ಪಟ್ಟಿ ಸರಿಯಿದೆಯೆಂದು ಬಕ್ಷಿಯು ಪ್ರಮಾಣೀಕರಿಸದ ಹೊರತು ಸವಾರನಿಗೆ ಸಂಬಳವಿರಲಿಲ್ಲ. ಪ್ರಾಂತದ ಸುದ್ದಿಯನ್ನು ಬಾದಶಹನಿಗೆ ಬರೆದು ಕಳುಹಿಸುವ ವಾಕಿಯಾನವೀಸನ, ಅಂದರೆ ವರ್ತಮಾನ ಬರೆಯುವವನ, ಕೆಲಸವೂ ಬಹಳ ಸಲ ಅವನ ಹೆಗಲಿಗೇ ಬೀಳುತ್ತಿತ್ತು. ಗುಜರಾತಿಗೆ 1583ರಲ್ಲಿ ಬಕ್ಷಿಯಾಗಿ ನೇಮಕಗೊಂಡ ಖ್ವಾಜಾ ನಿಜಾಮುದ್ದೀನ್ ಅಹಮದನು ಗುಜರಾತಿನ ಪದಚ್ಯುತ ಸುಲ್ತಾನ ಮುಜಫರ್ ಶಾಹನ ದಂಗೆಯನ್ನು ಎದುರಿಸಿ, ವರ್ಷಗಳ ಕಾಲ ಅಲ್ಲಿಯೇ ಇದ್ದು, ಮುಂದೆ ‘ತಬಕಾತ್-ಎ-ಅಕ್ಬರಿ’ ಎಂಬ ಇತಿಹಾಸವನ್ನು ಬರೆದನು. ಉಯಿಘುರ್ ಲಿಪಿ ಹೋಗಿ ಪರ್ಷಿಯನ್ ಲಿಪಿ ಬಂದರೂ ಬಕ್ಷಿಯ ಕೈಯಲ್ಲಿ ಲೇಖನಿ ಉಳಿದಿತ್ತು ಎಂಬುದಕ್ಕೆ ಅವನಿಗಿಂತ ಮಿಗಿಲಾದ ಸಾಕ್ಷಿ ದೊರೆಯದು.

ಬಕ್ಷಿಗೂ ‘ಬಕ್ಷೀಸಿ’ಗೂ ಇರುವ ಗೊಂದಲವನ್ನು ಇಲ್ಲಿ ಬಿಡಿಸುವುದು ಅಗತ್ಯ. ಬಕ್ಷೀಸು ಎಂಬುದು ಕೊಡು, ದಯಪಾಲಿಸು ಎಂಬ ಅರ್ಥದ ಪರ್ಷಿಯನ್ ಧಾತುವಿನಿಂದ ಬಂದದ್ದು. ಖುದಾಬಕ್ಷ್ ಎಂದರೆ ದೇವರು ಕೊಟ್ಟವನು. ಎರಡು ಮಾತುಗಳ ಹುಟ್ಟು ಬೇರೆ ಬೇರೆ. ಆದರೆ ಸಂಬಳ ಬಟವಾಡೆ ಮಾಡಿಸುವವನೇ ಬಕ್ಷಿಯಾದ್ದರಿಂದ ಜನರ ಕಿವಿಗೆ ಎರಡೂ ಒಂದೇ ಆಗಿ, ಲಿಪಿಕಾರನ ಅರ್ಥ ಹಿಂದೆ ಸರಿದು ಹಣ ಕೊಡುವವನ ಅರ್ಥ ಗಟ್ಟಿಯಾಯಿತು.

ಪದವಿಯು ಅಡ್ಡಹೆಸರಾದದ್ದು ಗುಜರಾತಿನ ಬರಹಗಾರ ಸಮುದಾಯಗಳ ಮನೆಗಳಲ್ಲಿ. ನಾಗರ ಬ್ರಾಹ್ಮಣರೂ ಕಾಯಸ್ಥರೂ ಪರ್ಷಿಯನ್ ಕಲಿತು ಸುಲ್ತಾನರ, ಮೊಗಲರ, ನವಾಬರ ಕಚೇರಿಗಳಲ್ಲಿ ತಲೆಮಾರುಗಳ ಕಾಲ ದುಡಿದರು. ಜುನಾಗಢದ ದಿವಾನನಾಗಿದ್ದ ನಾಗರ ಬ್ರಾಹ್ಮಣ ರಣಛೋಡ್‌ಜಿ ಅಮರ್‌ಜಿಯು ಸೌರಾಷ್ಟ್ರದ ಇತಿಹಾಸವನ್ನು ಪರ್ಷಿಯನ್ನಿನಲ್ಲಿಯೇ ಬರೆದನು. ಮುನ್ಶಿ, ಮಜ್ಮುದಾರ್, ದಿವಾನ್, ಬಕ್ಷಿ ಎಂಬ ಅಡ್ಡಹೆಸರುಗಳು ಈ ದುಡಿಮೆಯ ಗುರುತುಗಳು. ಹೆಸರು ಗುಜರಾತಿ ಲಿಪಿಗೆ ಇಳಿದಾಗ ಒಂದು ಸಣ್ಣ ಪವಾಡವೂ ನಡೆಯಿತು: ಪರ್ಷಿಯನ್ನಿನ ಗಂಟಲ ‘ಖ್’ ಧ್ವನಿಯು ಸವೆದು, ‘ಖ್ಷ’ವು ‘ಕ್ಷ’ವಾಗಿ, ದೀಕ್ಷಿತ, ರಕ್ಷಾ ಎಂಬ ಮಾತುಗಳಲ್ಲಿರುವ ಅದೇ ಸಂಯುಕ್ತಾಕ್ಷರವನ್ನು ಧರಿಸಿತು. ಅರಿಯದವರ ಕಣ್ಣಿಗೆ ತಾತಾರ ಶಬ್ದವು ಸಂಸ್ಕೃತವಾಗಿ ಕಂಡಿತು. ಇಂಗ್ಲಿಷಿನಲ್ಲಿ ಬರೆಯುವಾಗ ಗುಜರಾತಿಗಳು ಈ ‘ಕ್ಷ’ಕ್ಕೆ ‘ಎಕ್ಸ್’ ಅಕ್ಷರವನ್ನು ಬಳಸುವುದು ರೂಢಿಯಾದ್ದರಿಂದ, ಒಂದೇ ಹೆಸರು ದಾಖಲೆಗಳಲ್ಲಿ ಎರಡು ಕಾಗುಣಿತಗಳಾಗಿ ಒಡೆದುಹೋಗಿದೆ. ಮತದಾರರ ಪಟ್ಟಿಯನ್ನು ನೋಡಿ ಈ ಹೆಸರಿನವರನ್ನು ಎಣಿಸಹೊರಟವರು ಎರಡನ್ನೂ ಕೂಡಿಸಿ ನೋಡಬೇಕು.

ಮರಾಠರ ಗಾಯಕವಾಡ ಮನೆತನವು 1734ರಲ್ಲಿ ವಡೋದರಾವನ್ನು ಗೆದ್ದುಕೊಂಡ ಮೇಲೂ ಮೊಗಲ್ ದಫ್ತರದ ಪದವಿಗಳು ಮುಂದುವರಿದವು. ಫಡ್ನೀಸ್, ಮಜ್ಮುದಾರ್ ಎಂಬ ವಂಶಪಾರಂಪರ್ಯದ ಅಧಿಕಾರಿಗಳ ಜೊತೆಗೆ ಸೈನ್ಯದ ಲೆಕ್ಕಕ್ಕೆ ಬಕ್ಷಿಯೂ ಇದ್ದನು. ಮಗನಿಗೆ ತಂದೆಯ ಪದವಿ ಸಿಗುವಲ್ಲಿ ಪದವಿಯು ಹೆಸರಿಗೆ ಅಂಟುವುದು ಸಹಜ. ಬಂದರು ಪಟ್ಟಣವಾದ ಸೂರತ್‌ನಲ್ಲಿ ಸುಂಕದ ಅಧಿಕಾರಿಯಾದ ಮುತಸದ್ದಿಯೇ ದೊಡ್ಡವನು. ಅಲ್ಲಿನ ಕೋಟೆ 1759ರಲ್ಲಿ ಇಂಗ್ಲಿಷರ ಕೈಸೇರಿದ ಮೇಲೆ ಹಳೆಯ ಸೈನ್ಯದ ಪದವಿಗಳಿಗೆ ಬೆಲೆ ಉಳಿಯಲಿಲ್ಲ.

ಈ ಹೆಸರು ವಿರಳವಾಗಿರುವುದೇಕೆ ಎಂಬ ಪ್ರಶ್ನೆಗೆ ಉತ್ತರವೂ ದಫ್ತರದಲ್ಲಿಯೇ ಇದೆ. ಪಟೇಲ ಊರಿಗೊಬ್ಬ, ದೇಸಾಯಿ ಪರಗಣಕ್ಕೊಬ್ಬ. ಬಕ್ಷಿ ಮಾತ್ರ ಒಂದು ಸೈನ್ಯಕ್ಕೆ, ಒಂದು ಸಂಸ್ಥಾನಕ್ಕೆ ಒಬ್ಬ. ಪದವಿಗಳ ಈ ಪ್ರಮಾಣವೇ ಅಡ್ಡಹೆಸರುಗಳ ಪ್ರಮಾಣದಲ್ಲಿ ಇಂದಿಗೂ ಪ್ರತಿಫಲಿಸಿದೆ. ವಿಜಯಪುರ, ಧಾರವಾಡ, ಬೆಳಗಾವಿಗಳ ಕಡೆ ಪಾಟೀಲರೂ ಕುಲಕರ್ಣಿಗಳೂ ಊರೂರಿಗೆ ಸಿಗುವಾಗ ಮುಜುಮದಾರರೂ ಸಬ್ನೀಸರೂ ಹುಡುಕಿದರೆ ಮಾತ್ರ ಸಿಗುವುದಕ್ಕೆ ಕಾರಣವೂ ಇದೇ. ಹೆಸರಿನಲ್ಲಿ ಈ ಮಾತು ಕುಳಿತ ಜಾಗವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆ. ಮೈಸೂರು ಅರಮನೆಯ ಇಲಾಖೆಗಳ ಬಕ್ಷಿಗಳು ಆ ಮಾತನ್ನು ಹೆಸರಿನ ಮುಂದೆ ಬಿರುದಿನಂತೆ ಧರಿಸಿದರು. ಒಡಿಶಾದಲ್ಲಿ 1817ರ ಪಾಯಿಕರ ಬಂಡಾಯವನ್ನು ನಡೆಸಿದ ಖುರ್ದಾ ಅರಸನ ಸೇನಾಧಿಪತಿ ಬಕ್ಷಿ ಜಗಬಂಧು. ಕಾಶ್ಮೀರದಲ್ಲಿ 1953ರಿಂದ ಹತ್ತು ವರ್ಷ ಪ್ರಧಾನಿಯಾಗಿದ್ದವರು ಬಕ್ಷಿ ಗುಲಾಮ್ ಮೊಹಮ್ಮದ್. ಗುಜರಾತಿನಲ್ಲಿ ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಟಕ್ ಎಂಬ ಕ್ರಮವು ಗಟ್ಟಿಯಾಗಿದ್ದುದರಿಂದ ಬಕ್ಷಿ ಕೊನೆಗೆ ಸರಿದು ಮಕ್ಕಳು ಮೊಮ್ಮಕ್ಕಳಿಗೆ ಹರಿಯಿತು. ಹಳೇ ಮೈಸೂರಿನಲ್ಲಿ ಅಡ್ಡಹೆಸರಿನ ರೂಢಿಯೇ ಇಲ್ಲದ್ದರಿಂದ ಅದು ಪದವಿಯಲ್ಲಿದ್ದವನೊಂದಿಗೇ ಮುಗಿಯಿತು.

ಗುಜರಾತಿನಲ್ಲಿ ಹೀಗೆ ಉಳಿದುಬಂದ ಹೆಸರು ಇಪ್ಪತ್ತನೆಯ ಶತಮಾನದಲ್ಲಿಯೂ ಬರಹದ ಜೊತೆಗೇ ಕಾಣಿಸುತ್ತದೆ. ಪಾಲನ್‌ಪುರದಲ್ಲಿ 1932ರಲ್ಲಿ ಜೈನ ಮನೆಯಲ್ಲಿ ಹುಟ್ಟಿ 2006ರಲ್ಲಿ ಅಹಮದಾಬಾದಿನಲ್ಲಿ ತೀರಿಕೊಂಡ ಕಾದಂಬರಿಕಾರ ಚಂದ್ರಕಾಂತ ಬಕ್ಷಿ ತಮ್ಮ ಆತ್ಮಕಥೆಗೆ, ಬಾಬರ್‌ನಾಮಾ, ಅಕ್ಬರ್‌ನಾಮಾಗಳ ಧಾಟಿಯಲ್ಲಿ, ‘ಬಕ್ಷೀನಾಮಾ’ ಎಂದು ಹೆಸರಿಟ್ಟರು. ರಾಜಕೋಟದಲ್ಲಿ 1938ರಲ್ಲಿ ಹುಟ್ಟಿದ ನ್ಯಾಯಶಾಸ್ತ್ರಜ್ಞ ಉಪೇಂದ್ರ ಬಕ್ಷಿ 1982ರಿಂದ 1985ರವರೆಗೆ ಸೂರತ್‌ನ ದಕ್ಷಿಣ ಗುಜರಾತ್ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಇಬ್ಬರೂ ಬರಹದಿಂದಲೇ ಹೆಸರಾದವರು. ಆದರೆ ಈ ಹೆಸರನ್ನು ಗುಜರಾತಿನ ಹಳ್ಳಿಹಳ್ಳಿಗೆ ಒಯ್ದದ್ದು ಬೇರೊಂದು ಬರಹ. ಹಿಂದುಳಿದ ವರ್ಗಗಳನ್ನು ಗುರುತಿಸಲು ರಾಜ್ಯ ಸರ್ಕಾರವು 1972ರಲ್ಲಿ ನ್ಯಾಯಮೂರ್ತಿ ಎ. ಆರ್. ಬಕ್ಷಿ ಅವರ ಅಧ್ಯಕ್ಷತೆಯಲ್ಲಿ ಆಯೋಗವನ್ನು ನೇಮಿಸಿತು. 1976ರಲ್ಲಿ ಸಲ್ಲಿಸಿದ ವರದಿಯಲ್ಲಿ ಆಯೋಗವು 82 ಸಮುದಾಯಗಳನ್ನು ಪಟ್ಟಿ ಮಾಡಿತು, 1978ರಲ್ಲಿ ಮೀಸಲಾತಿ ಜಾರಿಗೆ ಬಂತು. ಗುಜರಾತಿಯಲ್ಲಿ ಆಯೋಗಕ್ಕೆ ‘ಪಂಚ್’ ಎನ್ನುತ್ತಾರಾದ್ದರಿಂದ ಅದು ‘ಬಕ್ಷಿ ಪಂಚ್’ ಎನಿಸಿತು. ಕ್ರಮೇಣ ಆಯೋಗದ ನೆನಪು ಹಿಂದೆ ಸರಿದು, ಪಟ್ಟಿಯಲ್ಲಿ ಸೇರಿದ ಜನರಿಗೇ ಆ ಹೆಸರು ನಿಂತಿತು. ಬಕ್ಷಿ ಎಂಬ ಅಡ್ಡಹೆಸರಿನವರನ್ನು ಎಂದೂ ಕಾಣದ ಕುಂಬಾರರ, ರಬಾರಿಗಳ ಮಕ್ಕಳು ಶಾಲೆಯ ಪ್ರವೇಶಕ್ಕೆ ಹೋದಾಗ ತಾವು ‘ಬಕ್ಷಿ ಪಂಚ್’ ಎಂದು ಹೇಳಿ, ತಾಲ್ಲೂಕು ಕಚೇರಿಯಿಂದ ತಂದ ಪ್ರಮಾಣಪತ್ರವನ್ನು ಗುಮಾಸ್ತನ ಮೇಜಿನ ಮೇಲೆ ಇಡುತ್ತಾರೆ.