ತೂಕದ ಮುಳ್ಳು ಮತ್ತು ದೇಹದ ಕಸುವು

(ತಾಯಂದಿರ ಮತ್ತು ನಾಗರಿಕರ ಸಭೆಯಲ್ಲಿ ಸರ್ಕಾರಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣದ ಪಾಠ)



ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ತಾವೆಲ್ಲರೂ ಬಲ್ಲಿರಿ. ಚನ್ನಪಟ್ಟಣ, ಕನಕಪುರ, ಮಾಗಡಿಗಳ ಬೆಳೆಗಾರರೂ ತಮ್ಮ ಗೂಡನ್ನು ಅಲ್ಲಿಗೆ ತರುತ್ತಾರೆ. ಅಲ್ಲಿ ಗೂಡನ್ನು ತೂಗುವುದು ನಿಜ. ಆದರೆ ಕೊಳ್ಳಲು ಬಂದ ರೀಲರು ತೂಕವೊಂದನ್ನೇ ನೋಡಿ ಬೆಲೆ ಕೂಗುವುದಿಲ್ಲ. ಹಿಡಿ ಗೂಡನ್ನು ಕೈಗೆತ್ತಿಕೊಂಡು, ಒತ್ತಿ ನೋಡಿ, ಎಷ್ಟು ಕಿಲೋ ಗೂಡಿನಿಂದ ಒಂದು ಕಿಲೋ ನೂಲು ಬಂದೀತೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. ಒಳ್ಳೆಯ ದ್ವಿತಳಿ ಗೂಡಾದರೆ ಆರೇಳು ಕಿಲೋ ಸಾಕು. ತೆಳು ಪೊರೆಯ ಗೂಡಾದರೆ ಎಂಟು ಕಿಲೋಗೂ ಮಿಕ್ಕಿ ಬೇಕಾದೀತು. ತಕ್ಕಡಿಯಲ್ಲಿ ಎರಡೂ ಸಮವೇ; ಒಳಗಿನ ರೇಷ್ಮೆ ಸಮವಲ್ಲ.

ಮನುಷ್ಯ ದೇಹವನ್ನು ತೂಗುವಾಗ ಈ ವಿವೇಕವನ್ನು ನಾವು ಮರೆಯುತ್ತೇವೆ. ಬೊಜ್ಜು ಕರಗಿಸಬೇಕೆಂದು ಹೊರಟವರು ದಿನಕ್ಕೆ ಎರಡು ಬಾರಿ ಯಂತ್ರದ ಮೇಲೆ ನಿಂತು, ಮುಳ್ಳು ಇಳಿದರೆ ಹಿಗ್ಗಿ, ಏರಿದರೆ ಕುಗ್ಗಿ, ಕೊನೆಗೆ ಬೇಸತ್ತು ಒಳ್ಳೆಯ ಅಭ್ಯಾಸವನ್ನೇ ಕೈಬಿಡುತ್ತಾರೆ. ಆದ್ದರಿಂದ ತೂಕ ಇಳಿಸಲು ಬಯಸುವವರು ಮುಖ್ಯವಾಗಿ ಯಾವುದರ ಮೇಲೆ ಕಣ್ಣಿಡಬೇಕು ಎಂಬ ವಿಷಯವನ್ನು ಈ ದಿನ ತಮ್ಮ ಮುಂದಿಡಲು ಇಚ್ಛಿಸುತ್ತೇನೆ.

ಸಮಸ್ಯೆಯ ಗಾತ್ರ

2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇಕಡಾ 30ರಷ್ಟು ಮಂದಿ ಅಧಿಕ ತೂಕದವರು. ಗಂಡಸರ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. ಅದೇ ಸಮೀಕ್ಷೆಯಲ್ಲಿ ಅದೇ ವಯಸ್ಸಿನ ಮಹಿಳೆಯರ ಪೈಕಿ ಶೇಕಡಾ 48ರಷ್ಟು ಮಂದಿಗೆ ರಕ್ತಹೀನತೆ ಇರುವುದೂ ಕಂಡುಬಂದಿದೆ. ಅಂದರೆ ಮೈ ತುಂಬಿಕೊಂಡಿರುವ ತಾಯಿಯ ರಕ್ತವೂ ಬಿಳಿಚಿಕೊಂಡಿರಬಹುದು. ಇಂಥವರು ಊಟ ಬಿಟ್ಟು ತೂಕ ಇಳಿಸಲು ಹೊರಟರೆ ಆಗುವ ಅನಾಹುತವನ್ನು ತಾವೇ ಊಹಿಸಬಹುದು.

ನಮ್ಮ ಸೀಮೆಯ ಜೀವನಕ್ರಮವೂ ಬದಲಾಗಿದೆ. ನೇಗಿಲಿನ ಜಾಗಕ್ಕೆ ಟ್ರ್ಯಾಕ್ಟರು, ಬಾವಿಯ ಹಗ್ಗದ ಜಾಗಕ್ಕೆ ನಲ್ಲಿ, ಒರಳಿನ ಜಾಗಕ್ಕೆ ಗ್ರೈಂಡರು ಬಂದಿವೆ. ಚನ್ನಪಟ್ಟಣದಲ್ಲಿ ಆಲೆ ಮರದ ಬೊಂಬೆಯನ್ನು ಕಡೆಯುವ ಕುಶಲಕರ್ಮಿ ಈಗ ವಿದ್ಯುತ್ ಯಂತ್ರದ ಮುಂದೆ ಗಂಟೆಗಟ್ಟಲೆ ಕುಳಿತಿರುತ್ತಾನೆ. ದಿನವೂ ಬೆಂಗಳೂರಿಗೆ ಹೋಗಿಬರುವ ಉದ್ಯೋಗಿಯ ಎರಡು ಮೂರು ಗಂಟೆ ಬಸ್ಸು, ರೈಲುಗಳಲ್ಲೇ ಕಳೆಯುತ್ತದೆ. ಕೆಲಸದ ದಣಿವು ಇವರೆಲ್ಲರಿಗೂ ಉಂಟು. ದೇಹಕ್ಕೆ ಬೇಕಾದ ಚಲನೆ ಮಾತ್ರ ಇಲ್ಲ.

ಯಂತ್ರಕ್ಕೆ ತಿಳಿಯದ ಸಂಗತಿ

ತೂಕದ ಯಂತ್ರವು ಎಲುಬು, ಮಾಂಸಖಂಡ, ಕೊಬ್ಬು, ನೀರು, ಹೊಟ್ಟೆಯಲ್ಲಿರುವ ಊಟ ಇವೆಲ್ಲವನ್ನೂ ಕೂಡಿಸಿ ಒಂದೇ ಅಂಕಿ ಹೇಳುತ್ತದೆ. ಯಾವುದು ಎಷ್ಟೆಂದು ಬಿಡಿಸಿ ಹೇಳಲು ಅದಕ್ಕೆ ಬಾರದು. ಹಿಂದಿನ ರಾತ್ರಿ ಉಪ್ಪಿನ ಅಂಶ ಹೆಚ್ಚಿದ್ದರೆ, ಮಲಬದ್ಧತೆ ಇದ್ದರೆ, ಮಾಸಿಕ ಸ್ರಾವದ ದಿನಗಳು ಹತ್ತಿರವಾಗಿದ್ದರೆ ಮುಳ್ಳು ಒಂದೆರಡು ಕಿಲೋ ಮೇಲೇರಬಹುದು. ಇದು ಕೊಬ್ಬಲ್ಲ, ಬಹುಪಾಲು ನೀರು.

ಇಳಿಯುವಾಗಲೂ ಹೀಗೆಯೇ. ಊಟವನ್ನು ಥಟ್ಟನೆ ಕಡಿಮೆ ಮಾಡಿದವರು ಮೊದಲ ವಾರದಲ್ಲಿ ಎರಡು ಮೂರು ಕಿಲೋ ಇಳಿದೆವೆಂದು ಸಂತೋಷಪಡುವುದುಂಟು. ಪಿತ್ತಜನಕಾಂಗ ಮತ್ತು ಮಾಂಸಖಂಡಗಳಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು ಮೊದಲು ಕರಗುತ್ತದೆ. ಅದರ ಪ್ರತಿ ಗ್ರಾಂ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿರುವುದರಿಂದ ಆ ನೀರೂ ಹೊರಹೋಗುತ್ತದೆ. ಮತ್ತೆ ಹಿಂದಿನಂತೆ ಉಂಡೊಡನೆ ಅದು ಮರಳಿ ಬರುತ್ತದೆ. ಉಪವಾಸವನ್ನೇ ಮುಂದುವರಿಸಿದರೆ ಕೊಬ್ಬಿನೊಡನೆ ಮಾಂಸಖಂಡವೂ ಸವೆಯುತ್ತದೆ. ಮುಳ್ಳು ಇಳಿಯುತ್ತದೆ, ಆದರೆ ಕೈಕಾಲಿನ ಶಕ್ತಿ ಕುಂದುತ್ತದೆ. ಕೆಲವು ತಿಂಗಳ ನಂತರ ಉಪವಾಸ ನಿಲ್ಲಿಸಿದಾಗ ಕೊಬ್ಬು ಬೇಗ ಸೇರುತ್ತದೆ. ಕಳೆದುಕೊಂಡ ಮಾಂಸಖಂಡ ಅಷ್ಟು ಬೇಗ ಬರುವುದಿಲ್ಲ.

ಒಂದೇ ತೂಕ, ಬೇರೆ ದೇಹ

2004ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಇಬ್ಬರು ವೈದ್ಯರು ತಮ್ಮ ದೇಹವನ್ನೇ ನಿದರ್ಶನವಾಗಿ ಕೊಟ್ಟು ಒಂದು ಪುಟದ ಬರಹ ಪ್ರಕಟಿಸಿದರು. ಒಬ್ಬರು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಡಾ. ಜಾನ್ ಯುಡ್ಕಿನ್. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸೂಚ್ಯಂಕ ಇಬ್ಬರಿಗೂ 22.3. ಹೊರನೋಟಕ್ಕೆ ಇಬ್ಬರೂ ತೆಳ್ಳಗಿನವರೇ. ಆದರೆ ದೇಹದ ಕೊಬ್ಬನ್ನು ಅಳೆದಾಗ ಯುಡ್ಕಿನ್ ಅವರದು ಶೇಕಡಾ 9.1, ಯಾಜ್ಞಿಕ್ ಅವರದು ಶೇಕಡಾ 21.2 ಇದ್ದಿತು.

ನಮ್ಮ ದೇಶದವರ ದೇಹಪ್ರಕೃತಿಯೇ ಹೀಗೆ. ಕೈಕಾಲು ಸಣ್ಣಗಿದ್ದರೂ ಹೊಟ್ಟೆಯೊಳಗೆ, ಪಿತ್ತಜನಕಾಂಗದ ಸುತ್ತ ಕೊಬ್ಬು ಸೇರುವುದು ಹೆಚ್ಚು. ಸಕ್ಕರೆ ಕಾಯಿಲೆ, ಹೃದ್ರೋಗಗಳಿಗೆ ದಾರಿ ಮಾಡುವುದು ಈ ಒಳಗೊಬ್ಬೇ. ಆದಕಾರಣ ‘ನಾನು ಸಣ್ಣಗಿದ್ದೇನೆ, ನನಗೇಕೆ ವ್ಯಾಯಾಮ?’ ಎನ್ನುವವರಿಗೂ ಇಂದಿನ ಮಾತು ಅನ್ವಯಿಸುತ್ತದೆ.

ಬಸ್ಸಿನ ಚಾಲಕ, ಬಸ್ಸಿನ ನಿರ್ವಾಹಕ

ಚಲನೆಯ ಮಹತ್ವವನ್ನು ಮೊದಲು ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಬಸ್ಸಿನ ನೌಕರರ ಅಧ್ಯಯನ. ಲಂಡನ್ ನಗರದ ಎರಡು ಅಂತಸ್ತಿನ ಬಸ್ಸುಗಳಲ್ಲಿ ಚಾಲಕನು ದಿನವಿಡೀ ಕುಳಿತಿದ್ದರೆ, ಟಿಕೆಟ್ ಕೊಡುವ ನಿರ್ವಾಹಕನು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದನು. ಡಾ. ಜೆರೆಮಿ ಮಾರಿಸ್ ಮತ್ತು ಅವರ ಸಂಗಡಿಗರು 1953ರಲ್ಲಿ ಪ್ರಕಟಿಸಿದ ವರದಿಯಂತೆ ಚಾಲಕರಿಗಿಂತ ನಿರ್ವಾಹಕರಲ್ಲಿ ಹೃದಯಾಘಾತ ಕಡಿಮೆ. ಬಂದರೂ ಅದರಿಂದ ಸಾಯುವುದು ಇನ್ನೂ ಕಡಿಮೆ.

ಚಾಲಕರ ಹೊಟ್ಟೆ ದಪ್ಪಗಿದ್ದುದೇ ಇದಕ್ಕೆ ಕಾರಣವಿರಬಹುದಲ್ಲವೇ ಎಂದು ತಾವು ಕೇಳಬಹುದು. ಸಂಶೋಧಕರೂ ಇದನ್ನು ಕೇಳಿಕೊಂಡರು. ಸಮವಸ್ತ್ರದ ಷರಾಯಿಗಳ ಸೊಂಟದ ಅಳತೆಯನ್ನು ದಾಖಲೆಗಳಿಂದ ತೆಗೆದು ನೋಡಿದರು. ಚಾಲಕರ ಸೊಂಟ ದಪ್ಪವಿದ್ದುದೇನೋ ಹೌದು. ಆದರೆ ಸಣಕಲು, ಸಾಧಾರಣ, ದಪ್ಪ ಈ ಮೂರು ಬಗೆಯ ಮೈಕಟ್ಟಿನವರಲ್ಲಿಯೂ ಮೆಟ್ಟಿಲು ಹತ್ತುವವರ ಪಾಡೇ ಮೇಲಾಗಿತ್ತು. ಮೈ ಸಣ್ಣಗಾಗುವ ಮೊದಲೇ ಚಲನೆಯ ಲಾಭ ಹೃದಯಕ್ಕೆ ದೊರೆಯತೊಡಗುತ್ತದೆ ಎಂಬ ಧೈರ್ಯವನ್ನು ಇದರಿಂದ ನಾವು ಪಡೆಯಬಹುದು.

ಒಬ್ಬ ತಾಯಿಯ ಉದಾಹರಣೆ

ಹೊರರೋಗಿ ವಿಭಾಗಕ್ಕೆ ಬರುವ 42 ವರ್ಷದ ಗೃಹಿಣಿಯೊಬ್ಬರಿಗೆ ಸಕ್ಕರೆ ಕಾಯಿಲೆ. ತೂಕ 71 ಕಿಲೋ. ಮಾತ್ರೆಯೊಡನೆ ದಿನಕ್ಕೆ ಅರ್ಧ ಗಂಟೆ ನಡೆಯಲು ಸೂಚಿಸಲಾಯಿತು. ನಿಷ್ಠೆಯಿಂದ ನಡೆದರು. ಮೂರು ತಿಂಗಳ ನಂತರ ಬಂದವರು ಬೇಸರದಿಂದ, ‘ನಡೆದಿದ್ದೆಲ್ಲ ದಂಡ ಆಯ್ತು ಡಾಕ್ಟ್ರೇ, ಎರಡು ಕಿಲೋನೂ ಇಳಿದಿಲ್ಲ. ನಾಳೆಯಿಂದ ರಾತ್ರಿ ಊಟಾನೇ ಬಿಡ್ತೀನಿ’ ಎಂದರು.

ಅವರ ಚೀಟಿಯನ್ನು ತೆಗೆದು ಹಳೆಯ ಅಂಕಿಗಳ ಪಕ್ಕದಲ್ಲಿ ಹೊಸವನ್ನು ಬರೆದೆವು. ಹೊಟ್ಟೆಯ ಸುತ್ತಳತೆ 96 ಸೆಂಟಿಮೀಟರಿನಿಂದ 91ಕ್ಕೆ ಬಂದಿತ್ತು. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ 168 ಇದ್ದುದು 132 ಆಗಿತ್ತು. ‘ನೀರಿನ ಕೊಡ ಹೊತ್ತು ಮನೆಗೆ ಬರುವಾಗ ಎಷ್ಟು ಕಡೆ ನಿಲ್ಲುತ್ತೀರಿ?’ ಎಂದು ಕೇಳಿದೆ. ಕ್ಷಣ ಯೋಚಿಸಿ, ಮುಂಚೆ ಎರಡು ಕಡೆ ಇಳಿಸುತ್ತಿದ್ದೆ, ಈಗ ಒಂದೇ ಉಸಿರಿಗೆ ತರುತ್ತೇನೆ ಎಂದರು. ಯಂತ್ರವು ದಂಡವೆಂದ ಮೂರು ತಿಂಗಳಲ್ಲಿ ಇಷ್ಟೆಲ್ಲ ಆಗಿತ್ತು. ಸಕ್ಕರೆಯ ಮಾತ್ರೆ ನುಂಗಿ ರಾತ್ರಿ ಊಟ ಬಿಟ್ಟಿದ್ದರೆ ಸಕ್ಕರೆ ತೀರಾ ಇಳಿದು ಪ್ರಜ್ಞೆ ತಪ್ಪುವ ಸಂಭವವೂ ಇತ್ತು. ಅವರು ಊಟ ಬಿಡಲಿಲ್ಲ, ನಡಿಗೆಯನ್ನೂ ಬಿಡಲಿಲ್ಲ.

ಗಮನಿಸಬೇಕಾದ ಐದು ಅಳತೆಗಳು

1. ಹೊಟ್ಟೆಯ ಸುತ್ತಳತೆ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರನ್ನು ಸಹಜವಾಗಿ ಹೊರಬಿಟ್ಟು, ದರ್ಜಿಯ ಟೇಪಿನಿಂದ ಅಳೆಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ತಿಂಗಳಿಗೊಮ್ಮೆ ಅಳೆದರೆ ಸಾಕು.

2. ಉಸಿರು: ಬಿರುಸಾಗಿ ನಡೆಯುವಾಗ ಜೊತೆಯವರೊಡನೆ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅದೇ ತಕ್ಕ ವೇಗ. ಅದೇ ದಾರಿ ಮುಂದಿನ ತಿಂಗಳು ಕಡಿಮೆ ಏದುಸಿರಿನಲ್ಲಿ ಸಾಗಿದರೆ ತಾವು ಮುಂದುವರಿದಿದ್ದೀರಿ.

3. ಕಾಲಿನ ಬಲ: ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಎದೆಯ ಮೇಲೆ ಕಟ್ಟಿ, ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂರಬಲ್ಲಿರೆಂದು ಎಣಿಸಿ ಬರೆದಿಡಿ.

4. ರಕ್ತದೊತ್ತಡ ಮತ್ತು ಸಕ್ಕರೆ: 30 ವರ್ಷ ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆಗಳು ಉಚಿತ.

5. ದಿನದ ಬಾಳು: ನಿದ್ರೆ, ಹಸಿವು, ಮಂಡಿನೋವು, ಕೆಲಸದ ಉತ್ಸಾಹ. ಇವನ್ನು ಯಾವ ಯಂತ್ರವೂ ಹೇಳದು, ತಾವೇ ಹೇಳಬೇಕು.

ಏನು ಮಾಡಬೇಕು?

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ನೀಡಿದ ಸಲಹೆಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಮಾಡತಕ್ಕದ್ದು. ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಮಾಂಸಖಂಡಗಳಿಗೆ ಬಲ ಕೊಡುವ ವ್ಯಾಯಾಮವೂ ಬೇಕು. ಅರ್ಧ ಗಂಟೆಯಂತೆ ಐದು ದಿನ ನಡೆದರೆ 150 ನಿಮಿಷವಾಯಿತು. ಒಮ್ಮೆಗೇ ಆಗದಿದ್ದರೆ ಮೂರು ಹೊತ್ತು ಹತ್ತು ಹತ್ತು ನಿಮಿಷ ನಡೆಯಿರಿ. ಊಟದ ನಂತರದ ನಡಿಗೆ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡಲು ವಿಶೇಷವಾಗಿ ಒಳ್ಳೆಯದು.

ಶಾಲೆಯ ಬಯಲು, ಕೆರೆಯ ಏರಿ, ಊರ ಹೊರಗಿನ ರಸ್ತೆ, ಯಾವುದಾದರೂ ಆದೀತು. ಒಂಟಿಯಾಗಿ ಹೋಗಲು ಸಂಕೋಚಪಡುವ ತಾಯಂದಿರು ಸ್ತ್ರೀಶಕ್ತಿ ಸಂಘದ ನಾಲ್ಕಾರು ಮಂದಿ ಒಟ್ಟಾಗಿ ಹೊರಡಬಹುದು. ಮನೆಯ ಗಂಡಸರು ಆ ಅರ್ಧ ಗಂಟೆ ಮಕ್ಕಳನ್ನು ನೋಡಿಕೊಂಡರೆ ಅದೂ ಕುಟುಂಬ ಕಲ್ಯಾಣದ ಕೆಲಸವೇ. ಬಲದ ವ್ಯಾಯಾಮಕ್ಕೆ ಹಣ ಬೇಕಿಲ್ಲ: ಕುರ್ಚಿಯಿಂದ ಏಳುವುದು ಕೂರುವುದು, ಗೋಡೆಗೆ ಅಂಗೈ ಊರಿ ದಂಡ ತೆಗೆಯುವುದು, ನೀರು ತುಂಬಿದ ಚಿಕ್ಕ ಬಾಟಲಿಗಳನ್ನು ಎತ್ತುವುದು ಸಾಕು. ಬೊಂಬೆ ಕಡೆಯುವವರು, ಹೊಲಿಗೆಯವರು, ಕಚೇರಿಯವರು ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಬೇಕು. ಹುಮ್ಮಸ್ಸಿನಲ್ಲಿ ಮೊದಲ ದಿನವೇ ಸಾವನದುರ್ಗವನ್ನೋ ಕಬ್ಬಾಳದುರ್ಗವನ್ನೋ ಏರಲು ಹೋಗಬೇಡಿ. ಸಮನೆಲದಲ್ಲಿ ಕೆಲವು ತಿಂಗಳು ಪಳಗಿದ ಮೇಲೆ ಬೆಟ್ಟ ಹತ್ತಬಹುದು.

ಊಟದ ವಿಚಾರ

ರಾಗಿ ನಮ್ಮ ಸೀಮೆಯ ಭಾಗ್ಯ. ಸುಣ್ಣದ ಅಂಶವೂ ನಾರೂ ಅದರಲ್ಲಿ ಹೇರಳ. ಆದರೆ ರಾಗಿ ಎಷ್ಟು ತಿಂದರೂ ಮೈ ಬಾರದು, ಸಕ್ಕರೆ ಏರದು ಎಂಬ ನಂಬಿಕೆ ತಪ್ಪು. ಅದರಲ್ಲೂ ಪಿಷ್ಟವೇ ಹೆಚ್ಚು. ದಿನವಿಡೀ ಉಳುತ್ತಿದ್ದ ತಾತ ಉಂಡ ಎರಡು ದಪ್ಪ ಮುದ್ದೆ, ಕುಳಿತು ದುಡಿಯುವ ಮೊಮ್ಮಗನಿಗೆ ಹೆಚ್ಚಾಯಿತು. ಮುದ್ದೆಯ ಗಾತ್ರ ಇಳಿಸಿ, ಜೊತೆಗೆ ಮಸ್ಸೊಪ್ಪು, ಹುರುಳಿಕಾಳಿನ ಬಸ್ಸಾರು, ಅವರೆಕಾಳು, ಮೊಟ್ಟೆ, ಮಜ್ಜಿಗೆ ಇವುಗಳನ್ನು ಹೆಚ್ಚಿಸಿ. ಮಾಂಸಖಂಡ ಉಳಿಯಬೇಕಾದರೆ ಸಸಾರಜನಕ ಬೇಕೇ ಬೇಕು. ಸಕ್ಕರೆ ಹಾಕಿದ ಕಾಫಿ, ಟೀ, ಬೇಕರಿ ತಿಂಡಿ, ಕರಿದ ಪದಾರ್ಥಗಳನ್ನು ಕಡಿಮೆ ಮಾಡಿ. ಹತ್ತು ದಿನದಲ್ಲಿ ಹತ್ತು ಕಿಲೋ ಇಳಿಸುತ್ತೇವೆಂಬ ಪುಡಿ, ಕಷಾಯಗಳ ಜಾಹೀರಾತಿಗೆ ಮರುಳಾಗಬೇಡಿ.

ತೂಕವನ್ನು ನೋಡಲೇಬಾರದೇ?

ನೋಡಬೇಕು, ಮಿತಿಯಲ್ಲಿ ನೋಡಬೇಕು. ತೂಕ ಬಹಳ ಹೆಚ್ಚಿರುವವರು ಶೇಕಡಾ 5ರಿಂದ 10ರಷ್ಟು ಇಳಿಸಿದರೂ ಸಕ್ಕರೆ, ರಕ್ತದೊತ್ತಡ, ಮಂಡಿನೋವು ಇವು ಹತೋಟಿಗೆ ಬರುತ್ತವೆ. ಆದ್ದರಿಂದ ತಿಂಗಳಿಗೊಮ್ಮೆ, ಒಂದೇ ಯಂತ್ರದಲ್ಲಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಗಿ, ಮೇಲಿನ ಐದು ಅಳತೆಗಳ ಪಕ್ಕದಲ್ಲಿ ಅದನ್ನೂ ಬರೆದಿಡಿ. ಗರ್ಭಿಣಿಯರಿಗೆ, ಹಸುಳೆಗಳಿಗೆ, ಕ್ಷಯರೋಗಿಗಳಿಗೆ ತೂಕದ ದಾಖಲೆ ಅತ್ಯಗತ್ಯ. ಅಲ್ಲಿ ಉದಾಸೀನ ಸಲ್ಲದು. ಗರ್ಭಿಣಿಯರು ತೂಕ ಇಳಿಸುವ ಪ್ರಯತ್ನ ಮಾಡಲೇಬಾರದು. ಮೊಲೆಯೂಡಿಸುವ ತಾಯಂದಿರು ಊಟ ಬಿಡಬಾರದು. ಯಾವ ಪ್ರಯತ್ನವೂ ಇಲ್ಲದೆ ತೂಕ ಇಳಿಯುತ್ತಿದ್ದರೆ ಅದನ್ನು ಶುಭವೆಂದು ತಿಳಿಯದೆ ವೈದ್ಯರನ್ನು ಕಾಣಿರಿ. ಸಕ್ಕರೆ ಕಾಯಿಲೆ, ಕ್ಷಯ ಮೊದಲಾದವುಗಳ ಸೂಚನೆ ಅದಾಗಿರಬಹುದು. ನಡೆಯುವಾಗ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಬನ್ನಿರಿ. ಹೃದ್ರೋಗ, ಸಕ್ಕರೆ ಕಾಯಿಲೆ ಇರುವವರು ವೈದ್ಯರ ಸಲಹೆ ಪಡೆದೇ ಆರಂಭಿಸತಕ್ಕದ್ದು.

ಬಂಧುಗಳೇ, ಇಂದು ಸಂಜೆ ಮನೆಗೆ ಹೋದೊಡನೆ ಮಕ್ಕಳ ಹಳೆಯ ನೋಟುಪುಸ್ತಕದ ಒಂದು ಹಾಳೆಯಲ್ಲಿ ತಮ್ಮ ಸುತ್ತಳತೆಯನ್ನೂ ಅರ್ಧ ನಿಮಿಷದ ಎಣಿಕೆಯನ್ನೂ ದಿನಾಂಕದೊಡನೆ ಬರೆಯಿರಿ. ಮೂರು ತಿಂಗಳು ನಡೆದ ಮೇಲೆ ಮತ್ತೆ ಬರೆಯಿರಿ. ಆ ಹಾಳೆಯನ್ನು ಹಿಡಿದು ನಮ್ಮ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಅಲ್ಲಿರುವ ಸಿಬ್ಬಂದಿಯೂ ನಾನೂ ತಮ್ಮೊಡನೆ ಕುಳಿತು ಅದನ್ನು ಓದಲು ಸಿದ್ಧರಿದ್ದೇವೆ.