ಒಂದೇ ಲಸಿಕೆ, ಬೇರೆ ಬೇರೆ ಮೈ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಓದಿದ್ದು ಬಿ.ಇ., ಮಾಡುವ ಕೆಲಸ ಸಾಫ್ಟ್‌ವೇರ್. ವೈದ್ಯನಲ್ಲ. ಆದರೂ ಮಕ್ಕಳಿರುವ ಮನೆಗಳಲ್ಲಿ ಕೇಳಿಬರುವ ಒಂದು ಪ್ರಶ್ನೆಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. "ಅಣ್ಣ ತಮ್ಮ ಇಬ್ಬರಿಗೂ ಸೂಜಿ ಹಾಕಿಸಿದೆವು. ಅಣ್ಣ ಚೆನ್ನಾಗಿದ್ದಾನೆ, ತಮ್ಮನಿಗೆ ದಡಾರ ಬಂತು. ಲಸಿಕೆಯಿಂದ ಏನು ಪ್ರಯೋಜನ?"

ಲಸಿಕೆ ಎಂದರೆ ರೋಗಾಣುವಿನ ಗುರುತನ್ನು ದೇಹಕ್ಕೆ ಮೊದಲೇ ತೋರಿಸಿಡುವುದು. ಆ ಗುರುತಿನ ತುಣುಕುಗಳನ್ನು ಹಿಡಿದು ರಕ್ಷಣಾ ಕಣಗಳಿಗೆ ತೋರಿಸುವುದು ಎಚ್‌ಎಲ್‌ಎ ಎಂಬ ಪ್ರೋಟೀನುಗಳು. ಅವುಗಳ ಜೀನುಗಳು 6ನೇ ಕ್ರೋಮೋಸೋಮಿನಲ್ಲಿವೆ. ತಂದೆಯ ಎರಡು ಪ್ರತಿಗಳಲ್ಲಿ ಒಂದು, ತಾಯಿಯ ಎರಡರಲ್ಲಿ ಒಂದು ಮಗುವಿಗೆ ಬರುತ್ತದೆ. ಆದ್ದರಿಂದ ಒಡಹುಟ್ಟಿದ ಇಬ್ಬರಿಗೆ ಎರಡೂ ಒಂದೇ ಆಗಿರುವ ಸಾಧ್ಯತೆ ಸುಮಾರು ನಾಲ್ಕರಲ್ಲಿ ಒಂದು. ಆಫ್ರಿಕಾದ ಗ್ಯಾಂಬಿಯಾದಲ್ಲಿ ಅವಳಿ ಮಕ್ಕಳ ಮೇಲೆ ನಡೆದ, 2004ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳಿತು: ಹೆಪಟೈಟಿಸ್ ಬಿ ಲಸಿಕೆಗೆ ಹುಟ್ಟುವ ಪ್ರತಿಕಾಯದ ಏರುಪೇರಿನಲ್ಲಿ ಅನುವಂಶೀಯತೆಯ ಪಾಲು ದೊಡ್ಡದು.

ಹಾಗೆಂದು ಎಲ್ಲವೂ ಹುಟ್ಟಿನಿಂದಲೇ ತೀರ್ಮಾನವಾಗುವುದಿಲ್ಲ. ಮಗುವಿನ ವಯಸ್ಸು, ಪೌಷ್ಟಿಕತೆ, ಕರುಳಿನ ಸೋಂಕು ಎಲ್ಲವೂ ಸೇರುತ್ತವೆ. ಪಾಶ್ಚಾತ್ಯ ದೇಶಗಳಲ್ಲಿ ಮೂರು ಸಲಕ್ಕೆ ಸಾಕಾಗುತ್ತಿದ್ದ ಪೋಲಿಯೋ ಹನಿ ನಮ್ಮ ಮಕ್ಕಳಿಗೆ ಸಾಲದು ಎಂದು ವೆಲ್ಲೂರಿನ ಡಾ. ಟಿ. ಜೇಕಬ್ ಜಾನ್ 1970ರ ದಶಕದಲ್ಲೇ ತೋರಿಸಿದರು. ಸಾಲದು ಎಂದು ಯಾರೂ ಹನಿ ಬಿಡಲಿಲ್ಲ, ಮತ್ತೆ ಮತ್ತೆ ಹಾಕಿದರು. 2011ರ ಜನವರಿಯ ನಂತರ ಪೋಲಿಯೋದ ಮೂಲ ವೈರಸ್‌ನಿಂದ ದೇಶದಲ್ಲಿ ಒಂದು ಮಗುವೂ ಕಾಲು ಕಳೆದುಕೊಂಡಿಲ್ಲ.

ದಡಾರಕ್ಕೂ ಇದೇ ಲೆಕ್ಕ. 9 ತಿಂಗಳಿಗೆ ಹಾಕುವ ಮೊದಲ ಡೋಸ್ ನೂರರಲ್ಲಿ ಸುಮಾರು 85 ಮಕ್ಕಳಿಗೆ ಹತ್ತುತ್ತದೆ. ಉಳಿದವರು ಯಾರೆಂದು ಮುಖ ನೋಡಿ ಹೇಳಲಾಗದು. ಅದಕ್ಕೇ 16ರಿಂದ 24 ತಿಂಗಳೊಳಗೆ ಎರಡನೆಯದು. ಇದೇ ಶಾಲೆಯಲ್ಲಿ ಒಂದು ಸಲಕ್ಕೆ ಲೆಕ್ಕ ಹತ್ತದಿದ್ದವರಿಗೆ ನಮ್ಮ ಮೇಷ್ಟ್ರು ಇನ್ನೊಮ್ಮೆ ಹೇಳಿಕೊಡುತ್ತಿದ್ದರಲ್ಲ, ಹಾಗೆ.

ನಮ್ಮ ಕಾಡಂಚಿನ ಸೋಲಿಗರ ಪೋಡುಗಳಿಗೆ ಸಂಬಂಧಿಸಿದ ಇನ್ನೊಂದು ಮಾತು. ಸೋಲಿಗರಲ್ಲಿ ಕೆಲವರಿಗೆ ಸಿಕಲ್ ಸೆಲ್ ರಕ್ತಹೀನತೆ ಇದೆ. ಅದೂ ಜೀನಿನ ವ್ಯತ್ಯಾಸವೇ. ಈ ಕಾಯಿಲೆ ಇರುವ ಮಕ್ಕಳ ಗುಲ್ಮ ಬೇಗ ಕೆಡುತ್ತದೆ. ಆಗ ನ್ಯೂಮೋಕಾಕಸ್ ಎಂಬ ರೋಗಾಣು ರಕ್ತ ಸೇರಿದರೆ ಜೀವಕ್ಕೇ ಅಪಾಯ. ಅದರ ಲಸಿಕೆ 2021ರಿಂದ ದೇಶದಾದ್ಯಂತ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ 2023ರ ಜುಲೈ 1ರಂದು ಶುರುವಾಗಿದೆ. ರಕ್ತ ಪರೀಕ್ಷೆಗೆ ಸಂಕೋಚ ಬೇಡ. ಇದು ಯಾರ ತಪ್ಪೂ ಅಲ್ಲ, ಯಾವ ಕುಲದ ಕಳಂಕವೂ ಅಲ್ಲ.

ಕೂಲಿಗೆಂದು ಊರು ಬಿಡುವ ತಾಯಂದಿರಲ್ಲಿ ಒಂದು ವಿನಂತಿ. ಗಂಟುಮೂಟೆಯ ಜೊತೆ ತಾಯಿ ಕಾರ್ಡನ್ನೂ ಇಟ್ಟುಕೊಳ್ಳಿ. ಉಳಿದ ಡೋಸನ್ನು ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲೇ ಹಾಕಿಸಬಹುದು. ವಿದ್ಯಾರ್ಥಿಗಳೇ, ಓದಲು ಬಾರದ ಅಜ್ಜಿ, ಅಮ್ಮಂದಿರಿಗೆ ಆ ಕಾರ್ಡಿನ ಮುಂದಿನ ತಾರೀಕು ಓದಿ ಹೇಳಿ. ಈ ಶಾಲೆ ಕಲಿಸಿದ ಅಕ್ಷರ ಮನೆಯ ಒಂದು ಮಗುವನ್ನು ಕಾಪಾಡಿದರೆ ಅದಕ್ಕಿಂತ ದೊಡ್ಡ ಗುರುಕಾಣಿಕೆ ಇಲ್ಲ.